ಚಿಪ್ಸ್‌ಗೂ ಖರೀದಿ ಆದೇಶದಲ್ಲಿ ಒಂದು ಸಾಲು ಬೇಕು

ವಿಮಾನಕ್ಕೆಂದು ಕೊಂಡ ಟೈಟಾನಿಯಂನಲ್ಲಿ ಬಹುಪಾಲು ವಿಮಾನ ಹತ್ತುವುದೇ ಇಲ್ಲ. ಹತ್ತು ಕಿಲೋ ಗಟ್ಟಿಯನ್ನು ಕೊರೆದು ಒಂದು ಕಿಲೋ ಬಿಡಿಭಾಗ ತೆಗೆಯುವುದು ಈ ಉದ್ಯಮದಲ್ಲಿ ಅಪರೂಪವೇನಲ್ಲ. ಉಳಿದದ್ದೆಲ್ಲ ಚಿಪ್ಸ್. ಬೆಂಗಳೂರಿನಲ್ಲೂ ಬೆಳಗಾವಿಯಲ್ಲೂ ವಿಮಾನದ ಭಾಗ ಕೊರೆಯುವ ನಮ್ಮ ಘಟಕಗಳು ನಿಖರತೆಗೆ ಹೆಸರಾಗಿವೆ. ಅದೇ ನಿಖರತೆ ಮೆಷಿನ್ನಿನ ಕೆಳಗೆ ಚಿಪ್ಸ್ ಬೀಳುವ ಟ್ರಾಲಿಯವರೆಗೆ ಇಳಿದಿಲ್ಲ ಎಂಬುದೇ ನಮ್ಮ ದೂರು.

ಒಂದು ಸಾಮಾನ್ಯ ಪಾಳಿಯನ್ನೇ ನೋಡಿ. 7075 ದರ್ಜೆಯ ಅಲ್ಯೂಮಿನಿಯಂನ ಕೆಲಸ ಮುಗಿದು 2024 ದರ್ಜೆಯದು ಮೆಷಿನ್ ಏರುತ್ತದೆ. ಮೊದಲನೆಯದರ ಮುಖ್ಯ ಬೆರಕೆ ಸತು, ಎರಡನೆಯದರದ್ದು ತಾಮ್ರ. ಪ್ರೋಗ್ರಾಂ ಬದಲಾಗುತ್ತದೆ, ಟೂಲ್ ಬದಲಾಗುತ್ತದೆ, ಟ್ರಾಲಿ ಮಾತ್ರ ಅದೇ. ಕೂಲೆಂಟಿನಲ್ಲಿ ನೆಂದ ಎರಡೂ ಚಿಪ್ಸ್ ಒಂದೇ ಡ್ರಮ್ ಸೇರಿದ ಮೇಲೆ ಅವನ್ನು ಬೇರ್ಪಡಿಸುವುದು ಯಾರಿಗೂ ಗಿಟ್ಟುವ ಕೆಲಸವಲ್ಲ. ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ಯುತ್ತಾರೆ, ವಿಮಾನದ ದರ್ಜೆಯ ಲೋಹ ಮಾಮೂಲಿ ಎರಕದ ಸಾಮಾನಾಗುತ್ತದೆ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾದ ಶಕ್ತಿಯ ಇಪ್ಪತ್ತನೇ ಒಂದು ಪಾಲಿನಲ್ಲಿ ಅದನ್ನು ಮರಳಿ ಕರಗಿಸಬಹುದು. ಆದರೆ ದರ್ಜೆಯನ್ನೇ ಕಳೆದುಕೊಂಡ ಲೋಹ ಮತ್ತೆ ವಿಮಾನದ ಕಡೆಗೆ ಬರುವುದಿಲ್ಲ. ಅದರ ಜಾಗಕ್ಕೆ ಹೊಸ ಲೋಹವನ್ನೇ ತರಿಸಬೇಕು.

ಟೈಟಾನಿಯಂನ ಕಥೆ ಇನ್ನೂ ಸೂಕ್ಷ್ಮ. ಕೊರೆಯುವಾಗ ಮುರಿದ ಕಾರ್ಬೈಡ್ ಇನ್ಸರ್ಟ್‌ನ ಒಂದು ಚೂರು ಚಿಪ್ಸ್‌ನಲ್ಲಿ ಉಳಿದರೂ ಸಾಕು, ಮುಂದಿನ ಗಟ್ಟಿಯೊಳಗೆ ಅದು ಬಿರುಕಿನ ಬೀಜವಾಗಬಹುದು. ಬಿಸಿಯಲ್ಲಿ ಹೀರಿಕೊಂಡ ಆಮ್ಲಜನಕ ಲೋಹವನ್ನು ಪೆಡಸಾಗಿಸುತ್ತದೆ. ಲೋಹ ಗುರುತಿಸಲು ಗುಜರಿ ಅಂಗಡಿಯಲ್ಲಿ ಬಳಸುವ ಕೈಯಳತೆಯ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಆಮ್ಲಜನಕ ಕಾಣುವುದೇ ಇಲ್ಲ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಎಂಜಿನ್ನಿನ ಟೈಟಾನಿಯಂ ಡಿಸ್ಕಿನಲ್ಲಿ, ಲೋಹ ಕರಗಿಸುವಾಗಲೇ ಉಳಿದಿದ್ದ ಸಣ್ಣ ದೋಷವೊಂದು ಅದಕ್ಕೆ ಮೂಲವಾಗಿತ್ತು. ಮೂಲ ಗೊತ್ತಿಲ್ಲದ ಚಿಪ್ಸ್ ಬೇಡವೆಂದು ವಿಮಾನ ತಯಾರಿಸುವ ಕಂಪನಿಗಳು ಹಟ ಹಿಡಿಯುವುದು ನ್ಯಾಯವೇ.

ಹಾಗಾದರೆ ಮೂಲ ಗೊತ್ತಿರುವಂತೆ ನೋಡಿಕೊಳ್ಳಬೇಕು. ಫ್ರಾನ್ಸಿನ ಸೇಂಟ್ ಜಾರ್ಜ್ ದ ಮಾನ್ಸ್‌ನಲ್ಲಿ 2017ರಲ್ಲಿ ಶುರುವಾದ ಇಕೋಟೈಟಾನಿಯಂ ಘಟಕ, ವಿಮಾನ ಕಾರ್ಖಾನೆಗಳ ಟೈಟಾನಿಯಂ ಗುಜರಿಯನ್ನು ಕರಗಿಸಿ ಮತ್ತೆ ವಿಮಾನ ದರ್ಜೆಯ ಗಟ್ಟಿ ಮಾಡಲೆಂದೇ ಹುಟ್ಟಿದ್ದು. 2022ರಲ್ಲಿ ಬೋಯಿಂಗ್ ರಷ್ಯಾದ ಟೈಟಾನಿಯಂ ಕೊಳ್ಳುವುದನ್ನು ನಿಲ್ಲಿಸಿದ ಮೇಲಂತೂ ಇಂಥ ಗುಜರಿಯ ತೂಕವೇ ಬೇರೆಯಾಗಿದೆ. ನಮ್ಮಲ್ಲಿ ಕೇರಳದ ಚವರದಲ್ಲಿರುವ ಟೈಟಾನಿಯಂ ಸ್ಪಾಂಜ್ (ಕಚ್ಚಾ ಲೋಹ) ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 500 ಟನ್ ಮಾತ್ರ. ಇಷ್ಟು ಕಡಿಮೆ ಇರುವಲ್ಲಿ ಕೊರೆದು ಉದುರಿದ್ದನ್ನು ಬೆರಕೆ ಮಾಲೆಂದು ಮಾರುವುದು ನಷ್ಟದ ಬಾಬತ್ತು.

ಕೇಂದ್ರ ಸರ್ಕಾರದ ಹೊಸ ನಿಯಮ 2026ರ ಏಪ್ರಿಲ್ 1ರಿಂದ ಅಲ್ಯೂಮಿನಿಯಂ, ತಾಮ್ರ, ಸತುಗಳ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುತ್ತದೆ. ಒಳ್ಳೆಯದೇ. ಆದರೆ ಗುರಿ ಇರುವುದು ತೂಕದಲ್ಲಿ. 7075 ಮರಳಿ 7075 ಆಯಿತೋ, ಎರಕಕ್ಕೆ ಹೋಯಿತೋ ಎಂದು ತೂಕ ಹೇಳುವುದಿಲ್ಲ. ಇನ್ನು ಜಿಎಸ್‌ಟಿ ಕಾಯ್ದೆಯ 143ನೇ ಕಲಂ ಪ್ರಕಾರ, ಜಾಬ್ ವರ್ಕ್‌ನಲ್ಲಿ, ಅಂದರೆ ಬೇರೆಯವರ ಲೋಹವನ್ನು ಕೊರೆದುಕೊಡುವ ಕೆಲಸದಲ್ಲಿ, ಹುಟ್ಟಿದ ಗುಜರಿಯನ್ನು ನೋಂದಾಯಿತ ಘಟಕ ತೆರಿಗೆ ಕಟ್ಟಿ ತನ್ನಲ್ಲಿಂದಲೇ ಮಾರಬಹುದು. ಗಟ್ಟಿ ಕೊಟ್ಟ ದೊಡ್ಡ ಕಂಪನಿ ಬಿಡಿಭಾಗವನ್ನು ಮೈಕ್ರಾನ್ ಲೆಕ್ಕದಲ್ಲಿ ಪರೀಕ್ಷಿಸಿ ಪಡೆಯುತ್ತದೆ, ಚಿಪ್ಸ್ ಎತ್ತ ಹೋಯಿತೆಂದು ವಿಚಾರಿಸುವುದಿಲ್ಲ.

ಸಣ್ಣ ಘಟಕದ ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಲೋಹ ಬದಲಾದಾಗಲೆಲ್ಲ ಮೆಷಿನ್ನಿನ ಹೊಟ್ಟೆ ತೊಳೆದು ಟ್ರಾಲಿ ಬದಲಿಸಲು ಮೆಷಿನ್ ನಿಲ್ಲಿಸಬೇಕು. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಅದು ಕೈಯಿಂದ ಹೋಗುವ ದುಡ್ಡು. ಆ ಹೊತ್ತಿನ ಬಾಡಿಗೆಯನ್ನು ಕೆಲಸ ಕೊಟ್ಟವರೇ ತುಂಬಬೇಕು. ಮಿಶ್ರಲೋಹದ ಹೆಸರು, ಅದು ಕರಗಿದ ಕಂತಿನ ಗುರುತಾದ ಹೀಟ್ ನಂಬರ್ ಬರೆದ ಡ್ರಮ್ಮಿನಲ್ಲಿ ಚಿಪ್ಸ್ ವಾಪಸಾಗಬೇಕು, ಅದಕ್ಕೆ ಇಂತಿಷ್ಟು ದರ ಎಂದು ಖರೀದಿ ಆದೇಶದಲ್ಲೇ ನಮೂದಾಗಬೇಕು. ಚಿಪ್ಸ್ ತೊಳೆದು, ಒಣಗಿಸಿ, ಅಚ್ಚೊತ್ತುವ ಒಂದು ಸಾಮೂಹಿಕ ಘಟಕವನ್ನು ರಾಜ್ಯ ಸರ್ಕಾರ ಪೀಣ್ಯದಲ್ಲಿ ತೆರೆಯಬೇಕು. ಒಣ ಟೈಟಾನಿಯಂ ಪುಡಿ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಪ್ರತಿ ಶೆಡ್ಡಿನಲ್ಲೂ ಮಾಡಿಕೊಳ್ಳುವ ಕೆಲಸ ಅದಲ್ಲ. ಮೊದಲ ಹೆಜ್ಜೆ ಸಾರ್ವಜನಿಕ ವಲಯದ ಎಚ್‌ಎಎಲ್‌ನಿಂದಲೇ ಬರಲಿ. ಅದರ ಮುಂದಿನ ಟೆಂಡರ್‌ಗಳಲ್ಲಿ ಈ ಷರತ್ತು ಇರಲಿ, ಅದಕ್ಕೆ ತಕ್ಕ ದರವೂ ಇರಲಿ.