ಸಜ್ಜನಿಕೆಯೊಂದೇ ಸಾಲದು

ಹೂವಿನ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರುಗಳಲ್ಲಿ ದಿವಂಗತ ಎಂ.ಪಿ. ಪ್ರಕಾಶರ ಹೆಸರೆತ್ತಿದರೆ ಇಂದಿಗೂ ಗೌರವದ ಮಾತೇ ಕೇಳಿಬರುತ್ತದೆ. ಅದು ಸಹಜ. ವಕೀಲರು, ಸಮಾಜವಾದಿ, ಹಡಗಲಿಯ ರಂಗಭಾರತಿಯನ್ನು ಬೆಳೆಸಿದ ರಂಗಪ್ರೇಮಿ, ಹಂಪಿ ಉತ್ಸವದ ರೂವಾರಿ. 1983ರಲ್ಲಿ ಹಡಗಲಿಯಿಂದ ವಿಧಾನಸಭೆ ಪ್ರವೇಶಿಸಿದ ಅವರು 2011ರ ಫೆಬ್ರವರಿಯಲ್ಲಿ ಕಣ್ಮುಚ್ಚುವವರೆಗೂ ಸುಸಂಸ್ಕೃತ ರಾಜಕಾರಣಿ ಎಂದೇ ಹೆಸರಾಗಿದ್ದರು. ಈ ಹೊಗಳಿಕೆಯಲ್ಲಿ ಸುಳ್ಳಿಲ್ಲ. ಆದರೆ ಇದು ಅರ್ಧ ಸತ್ಯ ಮಾತ್ರ.

ರಾಜಕಾರಣಿಯನ್ನು ಅಳೆಯಬೇಕಾದುದು ಮಾತಿನ ಸೊಗಸಿನಿಂದಲ್ಲ. ಪರೀಕ್ಷೆಯ ಗಳಿಗೆಯಲ್ಲಿ ಆತ ಎಲ್ಲಿ ನಿಂತ ಎಂಬುದರಿಂದ. 2004ರ ಚುನಾವಣೆಯಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜಾತ್ಯತೀತ ಜನತಾದಳ 58 ಸ್ಥಾನ ಗಳಿಸಿದ್ದವು. ಕೋಮುವಾದಿ ಶಕ್ತಿಗಳನ್ನು ದೂರವಿಡುವುದಕ್ಕಾಗಿ ಎಂದು ಹೇಳಿಯೇ ಕಾಂಗ್ರೆಸ್ ಮತ್ತು ದಳ ಧರ್ಮಸಿಂಗ್ ಸರಕಾರವನ್ನು ರಚಿಸಿದವು. 2005ರಲ್ಲಿ ಪ್ರಕಾಶರು ಅದರ ಉಪಮುಖ್ಯಮಂತ್ರಿಯಾದರು. ಮರುವರ್ಷವೇ ದಳದ ಶಾಸಕರು ಅದೇ ಬಿಜೆಪಿಯ ಕೈ ಹಿಡಿದರು. 2006ರ ಫೆಬ್ರವರಿಯಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿಯಾದರು. ಬಿಜೆಪಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರದ ಪಾಲು ಪಡೆಯಿತು. ಪಕ್ಷದ ಹೆಸರಿನಲ್ಲಿ 'ಜಾತ್ಯತೀತ' ಎಂಬ ಪದ ಮಾತ್ರ ಹಾಗೆಯೇ ಉಳಿಯಿತು!

ಆ ಸರಕಾರದ ಗೃಹ ಸಚಿವರು ಯಾರು? ಸಮಾಜವಾದಿ ಪ್ರಕಾಶರು. 2006ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಕೋಮುಗಲಭೆ ಭುಗಿಲೆದ್ದು ಕರ್ಫ್ಯೂ ವಿಧಿಸಬೇಕಾಗಿ ಬಂದಾಗ ರಾಜ್ಯದ ಪೊಲೀಸ್ ಇಲಾಖೆಯ ಹೊಣೆ ಇದ್ದುದು ಅವರ ಹೆಗಲ ಮೇಲೆಯೇ. ಅವರು ಕೋಮುವಾದಿಯಾಗಿದ್ದರೆಂದು ಅವರ ವಿರೋಧಿಗಳೂ ಹೇಳಲಾರರು. ಆದರೆ ಅವರಂಥವರು ಸಂಪುಟದಲ್ಲಿ ಕುಳಿತದ್ದರಿಂದಲೇ ಆ ಮೈತ್ರಿಗೆ ಮರ್ಯಾದೆಯ ಹೊದಿಕೆ ದೊರೆಯಿತಲ್ಲವೇ? ಕೆಟ್ಟವರ ಕೂಟ ಕೆಟ್ಟವರಿಂದಲೇ ತುಂಬಿದ್ದರೆ ಜನ ಬೇಗ ಎಚ್ಚರಗೊಳ್ಳುತ್ತಾರೆ. ನಡುವೆ ಒಬ್ಬ ಸಜ್ಜನನಿದ್ದರೆ ಎಚ್ಚರ ಮಂಪರಿಗೆ ಜಾರುತ್ತದೆ.

2007ರ ಅಕ್ಟೋಬರಿನಲ್ಲಿ ಇಪ್ಪತ್ತು ತಿಂಗಳ ಒಪ್ಪಂದ ಮುರಿದುಬಿತ್ತು. ಆಗ ಪ್ರಕಾಶರು ಬಿಜೆಪಿಯೊಂದಿಗೆ ಮತ್ತೆ ಕೈಜೋಡಿಸುವುದನ್ನು ಒಪ್ಪದೆ, ಕಾಂಗ್ರೆಸ್ ಬೆಂಬಲದೊಂದಿಗೆ ಪರ್ಯಾಯ ಸರಕಾರ ರಚಿಸಲು ಯತ್ನಿಸಿದರು. ಮುಖ್ಯಮಂತ್ರಿ ಪದವಿ ಕೈಗೆಟುಕುವಷ್ಟು ಸಮೀಪಕ್ಕೆ ಬಂದು ಜಾರಿತು. ಅವರ ಆ ನಿಲುವನ್ನು ಮೆಚ್ಚೋಣ. ಆದರೆ ಅದೇ ನಿಲುವು 2006ರಲ್ಲಿ ಬಂದಿದ್ದರೆ? ಬಾಗಿಲು ತೆರೆದುಕೊಟ್ಟ ಮೇಲೆ ಕಾವಲು ನಿಂತು ಫಲವೇನು? 2008ರಲ್ಲಿ ಅವರು ಕಾಂಗ್ರೆಸ್ ಸೇರಿ ಹರಪನಹಳ್ಳಿಯಲ್ಲಿ ಸ್ಪರ್ಧಿಸಿದರು. ಬಳ್ಳಾರಿಯ ರೆಡ್ಡಿ ಸಹೋದರರಲ್ಲಿ ಹಿರಿಯರಾದ ಕರುಣಾಕರ ರೆಡ್ಡಿಯವರೆದುರು ಸೋತರು. ಗಣಿ ಸಂಪತ್ತಿನ ಬಲದ ಮುಂದೆ ಸಜ್ಜನಿಕೆ ನಿಲ್ಲಲಿಲ್ಲ. ಬಿಜೆಪಿ ಈ ಬಾರಿ ಪಕ್ಷೇತರರ ಬೆಂಬಲದೊಂದಿಗೆ ತನ್ನದೇ ಮುಖ್ಯಮಂತ್ರಿಯನ್ನು ಕಂಡಿತು.

ದೂರದ ಲೆಬನಾನ್ ಕೂಡ ಇಂಥದೇ ಪಾಠ ಹೇಳುತ್ತದೆ. ಅಲ್ಲಿ 1943ರ ರಾಷ್ಟ್ರೀಯ ಒಡಂಬಡಿಕೆಯಿಂದ ಬಂದ ರೂಢಿಯಂತೆ ಪ್ರಧಾನಿ ಪದವಿ ಸುನ್ನಿ ಮುಸ್ಲಿಮರಿಗೇ ಮೀಸಲು. 1976ರಲ್ಲಿ ಮೊದಲ ಬಾರಿ ಪ್ರಧಾನಿಯಾದ ಅರ್ಥಶಾಸ್ತ್ರಜ್ಞ ಸಲೀಮ್ ಅಲ್ ಹೋಸ್ ಪ್ರಾಮಾಣಿಕತೆಗೆ ಹೆಸರಾದವರು. 2000ನೇ ಇಸವಿಯ ಚುನಾವಣೆಯಲ್ಲಿ, ಪ್ರಧಾನಿಯಾಗಿದ್ದಾಗಲೇ, ಕೋಟ್ಯಧೀಶ ಗುತ್ತಿಗೆದಾರ ರಫೀಕ್ ಹರೀರಿಯವರ ಬಣದೆದುರು ಬೈರೂತಿನ ತಮ್ಮ ಸ್ಥಾನವನ್ನೇ ಕಳೆದುಕೊಂಡರು. ಪದವಿ ಸಮುದಾಯದ ಕೈಯಲ್ಲೇ ಉಳಿಯಿತು. ಆದರೆ ಸುನ್ನಿಗಳೇ ಬಹುಸಂಖ್ಯಾತರಾಗಿರುವ ಟ್ರಿಪೋಲಿ ನಗರದ ಬಡತನ ನೀಗಲಿಲ್ಲ. ಸಾಲದ ಭಾರದಿಂದ ಕುಸಿದ ದೇಶ 2020ರಲ್ಲಿ ಸಾಲ ಮರುಪಾವತಿಯನ್ನೇ ನಿಲ್ಲಿಸಿತು. ನಮ್ಮವನೊಬ್ಬ ಕುರ್ಚಿಯಲ್ಲಿದ್ದರೆ ಸಾಕು, ಒಳ್ಳೆಯವನೊಬ್ಬ ಕುರ್ಚಿಯಲ್ಲಿದ್ದರೆ ಸಾಕು ಎಂಬ ಎರಡೂ ನಂಬಿಕೆಗಳು ಅಲ್ಲಿ ಮಣ್ಣುಪಾಲಾದವು.

ಈಗ ಪ್ರಶ್ನೆ ನಮ್ಮ ಕಡೆಗೆ ತಿರುಗಬೇಕು. ಮುಸ್ಲಿಮ್ ಸಮುದಾಯ ದಶಕಗಳಿಂದ ಮತ ಹಾಕಿದ್ದು ಯಾವುದನ್ನು ನೋಡಿ? ಇಫ್ತಾರ್ ಕೂಟದಲ್ಲಿ ಟೋಪಿ ಧರಿಸಿದ್ದನ್ನು, ಶಾದಿಮಹಲಿಗೆ ಅನುದಾನ ಕೊಟ್ಟದ್ದನ್ನು, ಉರ್ದುವಿನಲ್ಲಿ ನಾಲ್ಕು ಮಾತಾಡಿದ್ದನ್ನು. "ಗೆದ್ದ ಮೇಲೆ ಯಾರೊಂದಿಗೆ ಸರಕಾರ ಮಾಡುವಿರಿ?" ಎಂದು ನಾವು ಕೇಳಿದ್ದುಂಟೇ? 2006ರ ದ್ರೋಹವನ್ನು ದೂರುವ ಮೊದಲು, ಯಾವ ಷರತ್ತೂ ಇಲ್ಲದೆ ಮತ ಕೊಟ್ಟ ತಪ್ಪನ್ನು ಒಪ್ಪಿಕೊಳ್ಳಬೇಕು.

ಪ್ರಕಾಶರ ಹೆಸರು ಇಂದಿಗೂ ಮತ ತರುತ್ತದೆ. ಅವರ ಪುತ್ರ ರವೀಂದ್ರ 2013ರಲ್ಲಿ ಹರಪನಹಳ್ಳಿಯಿಂದ ಗೆದ್ದರು. ಪುತ್ರಿ ಲತಾ 2023ರಲ್ಲಿ ಪಕ್ಷೇತರರಾಗಿ ಗೆದ್ದರು. ಹೆಸರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಮತ ಗೌರವಾರ್ಪಣೆಯಲ್ಲ, ಒಪ್ಪಂದ. ಮುಂದಿನ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಬರುವ ಪ್ರತಿಯೊಬ್ಬ ಸಜ್ಜನನಿಗೂ ಚಹಾ ಕೊಡೋಣ. ಜೊತೆಗೆ ಆ ಒಂದು ಪ್ರಶ್ನೆಯನ್ನೂ ಕೇಳೋಣ. ಉತ್ತರ ಸಿಗುವವರೆಗೆ ಮತದ ಮಾತು ಬೇಡ.