‘ಎಲ್ಲದಕ್ಕೂ ಒಂದೇ ಲೆನ್ಸ್ ಸಾಕು’ ಎಂಬ ಫಾರ್ವರ್ಡ್ ಎಷ್ಟು ನಿಜ?

ಮದುವೆ ಸೀಸನ್ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲೆನ್ಸ್ ಮಾರಾಟದ ಸಂದೇಶಗಳು ಶುರುವಾಗುತ್ತವೆ. ‘11ಎಕ್ಸ್ ಝೂಮ್, ಮದುವೆಗೂ ಅದೇ, ಜಾತ್ರೆಗೂ ಅದೇ, ಬೇರೆ ಏನೂ ಬೇಡ’ ಎಂಬುದು ಅವುಗಳ ಸಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಒಂದು ಕ್ಯಾಮೆರಾ, ಅದರ ಜೊತೆಗೆ ಬಂದ 18–55 ಲೆನ್ಸ್ ಇಷ್ಟರಲ್ಲೇ ಫೋಟೊ ಕೆಲಸ ಶುರು ಮಾಡುವ ಹುಡುಗರಿಗೆ ಇದು ಸಣ್ಣ ವಿಷಯವಲ್ಲ. ಕೈಗಡ ಮಾಡಿ ತಂದ ಲೆನ್ಸ್ ಮೊದಲ ಮದುವೆಯಲ್ಲೇ ಮಸುಕು ಚಿತ್ರ ಕೊಟ್ಟರೆ ಬಾಕಿ ಹಣವೂ ಬರುವುದಿಲ್ಲ, ಮುಂದಿನ ಆರ್ಡರೂ ಬರುವುದಿಲ್ಲ. ಹಾಗಾಗಿ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಆ ‘ಎಕ್ಸ್’. ಅದು ಎಷ್ಟು ದೂರದ್ದು ಕಾಣುತ್ತದೆ ಎಂಬುದರ ಅಳತೆಯಲ್ಲ. ಲೆನ್ಸಿನ ಮೇಲಿರುವ ದೊಡ್ಡ ಸಂಖ್ಯೆಯನ್ನು ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ಬರುವ ಉತ್ತರ, ಅಷ್ಟೆ. 200ನ್ನು 18ರಿಂದ ಭಾಗಿಸಿದರೆ ಸುಮಾರು 11. ಇದೇ ಲೆಕ್ಕದಲ್ಲಿ 70–300 ಲೆನ್ಸ್ ಬರೀ 4ಎಕ್ಸ್ ಚಿಲ್ಲರೆ. ಆದರೂ ದೂರದ್ದನ್ನು ಹೆಚ್ಚು ಹತ್ತಿರ ತರುವುದು ಅದೇ, ಏಕೆಂದರೆ ಅದು 300 ಮಿಲಿಮೀಟರ್‌ವರೆಗೆ ಹೋಗುತ್ತದೆ. ಈ ಮಿಲಿಮೀಟರ್ ಎಂಬುದು ಹೈಸ್ಕೂಲಿನಲ್ಲಿ ಓದಿದ ಸಂಗಮದೂರ; ನೋಡಬೇಕಾದದ್ದು ಅದನ್ನು. 2020ರಲ್ಲಿ ಬಂದ ಸ್ಯಾಮ್‌ಸಂಗ್ ಎಸ್20 ಅಲ್ಟ್ರಾ ಫೋನಿನ 100ಎಕ್ಸ್ ಕೂಡ ಗಾಜಿನ ಶಕ್ತಿಯೊಂದೇ ಅಲ್ಲ, ಅದರಲ್ಲಿ ಬಹುಪಾಲು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಸಾಫ್ಟ್‌ವೇರಿನ ಕೆಲಸ. ಇನ್ನು ಮೊಬೈಲಿಗೆ ಕ್ಲಿಪ್ ಹಾಕುವ ‘ದೂರದರ್ಶಕ ಲೆನ್ಸ್’ ಮಕ್ಕಳ ಆಟಕ್ಕೆ ಅಡ್ಡಿಯಿಲ್ಲ.

ಫಾರ್ವರ್ಡ್‌ಗಳು ಹೇಳದೆ ಬಿಡುವ ಸಂಖ್ಯೆ ಇನ್ನೊಂದಿದೆ. ಲೆನ್ಸಿನ ಮುಂಭಾಗದಲ್ಲಿ 3.5–6.3 ಅಥವಾ 3.5–5.6 ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಬೆಳಕು ಒಳಬರುವ ಕಿಂಡಿ, ಅಂದರೆ ಅಪರ್ಚರ್, ಎಷ್ಟು ದೊಡ್ಡದಾಗಿ ತೆರೆಯಬಲ್ಲದು ಎಂಬುದನ್ನು ಅದು ಹೇಳುತ್ತದೆ. ಲೆಕ್ಕ ಉಲ್ಟಾ: ಸಂಖ್ಯೆ ಹೆಚ್ಚಾದಷ್ಟೂ ಬೆಳಕು ಕಡಿಮೆ. ಝೂಮ್ ಎಳೆದಂತೆಲ್ಲ 3.5 ಇದ್ದದ್ದು 5.6ಕ್ಕೋ 6.3ಕ್ಕೋ ಇಳಿಯುತ್ತದೆ. 1.8 ಅಪರ್ಚರ್‌ನ 50 ಎಂಎಂ ಲೆನ್ಸಿಗೆ ಹೋಲಿಸಿದರೆ 5.6ರಲ್ಲಿ ಸಿಗುವ ಬೆಳಕು ಹತ್ತರಲ್ಲಿ ಒಂದು ಪಾಲು ಮಾತ್ರ. ಮದುಮಗಳ ಮೇಲೆ ಅಕ್ಕಿಕಾಳು ಬೀಳುವ ಕ್ಷಣ ಹಿಡಿಯಲು ಸೆಕೆಂಡಿನ 125ನೇ ಒಂದು ಭಾಗ ಸಾಕು ಎಂದುಕೊಳ್ಳಿ. ಅಷ್ಟೇ ಬೆಳಕು ಕೂಡಿಸಲು 5.6ಕ್ಕೆ ಸೆಕೆಂಡಿನ 12ನೇ ಒಂದು ಭಾಗ ಬೇಕಾಗುತ್ತದೆ. ಅಷ್ಟರಲ್ಲಿ ಕೈಯೂ ಸರಿದಿರುತ್ತದೆ, ಕಾಳೂ ಗೆರೆಯಾಗಿರುತ್ತದೆ. ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ಕಾಳುಕಾಳು ಚುಕ್ಕೆಗಳು. ಫ್ಲಾಶ್ ಹತ್ತಿರದವರಿಗೆ ನೆರವಾಗುತ್ತದೆ, ವೇದಿಕೆಯಿಂದ ದೂರ ನಿಂತು ಝೂಮ್ ಎಳೆದವರಿಗೆ ಅಷ್ಟಾಗಿ ಇಲ್ಲ. ನಮ್ಮ ಕಡೆಯ ಮದುವೆಗಳು ಮಧ್ಯಾಹ್ನವೇ ಆದರೂ ಪೆಂಡಾಲಿನ ಬಟ್ಟೆ ಬೆಳಕನ್ನು ತಡೆಯುತ್ತದೆ. (ಕೆಂಪು ಬಟ್ಟೆಯಾಗಿದ್ದರೆ ಎಲ್ಲರ ಮುಖವೂ ಕೆಂಪು! ಆ ದೋಷವನ್ನು ಲೆನ್ಸಿನ ಮೇಲೆ ಹೊರಿಸಬೇಡಿ.)

‘ವಿಆರ್ ಇದೆ, ಐಎಸ್ ಇದೆ, ಅಲುಗಾಡಿದರೂ ಪರವಾಗಿಲ್ಲ’ ಎಂಬುದು ಅರ್ಧ ಸತ್ಯ. ಆ ವ್ಯವಸ್ಥೆ ಸರಿಪಡಿಸುವುದು ನಿಮ್ಮ ಕೈಯ ನಡುಕವನ್ನು. ಎದುರಿಗೆ ಓಡುವ ಮಗುವನ್ನು ಅದು ನಿಲ್ಲಿಸಲಾರದು.

ಹಾಗಾದರೆ ಒಂದೇ ಲೆನ್ಸಿನ ಮಾತು ಪೂರಾ ಸುಳ್ಳೇ? ಅಲ್ಲ. 1992ರಲ್ಲಿ ಟ್ಯಾಮ್ರಾನ್ ಕಂಪನಿ 28–200 ಲೆನ್ಸ್ ತಂದಾಗಿನಿಂದ ಇಂಥವು ಜನಪ್ರಿಯವಾಗಿರುವುದಕ್ಕೆ ಕಾರಣವಿದೆ. ಕಾರಹುಣ್ಣಿಮೆಯಂದು ಅಗಸಿಯ ಮುಂದೆ ಕರಿ ಹರಿಯುವಾಗ ಎತ್ತು ದೂರದಲ್ಲಿ ಕಾಣಿಸಿಕೊಂಡು ಎದುರಿಗೆ ನುಗ್ಗಿ ಬರುವಷ್ಟರಲ್ಲಿ ಲೆನ್ಸ್ ಬದಲಿಸಲು ಸಮಯ ಎಲ್ಲಿರುತ್ತದೆ? ಬದಲಿಸಿದರೂ ಗಾಳಿಯ ಧೂಳು ಕ್ಯಾಮೆರಾ ಒಳಗಿನ ಸೆನ್ಸರಿನ ಮೇಲೆ ಕೂರುತ್ತದೆ. ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಯ ಗದ್ದಲದಲ್ಲೂ ಅಷ್ಟೆ. ಹಗಲು, ಬಯಲು, ಒಬ್ಬನೇ ಕೆಲಸಗಾರ: ಈ ಮೂರೂ ಕೂಡಿದಲ್ಲಿ 18–200 ದುಡಿಯುತ್ತದೆ. ಆಲಮಟ್ಟಿ ಹಿನ್ನೀರಿನ ಹಕ್ಕಿಗಳಿಗೆ ಮಾತ್ರ 200 ಸಾಲದು.

ದುಡ್ಡು ಕಡಿಮೆ ಇದ್ದರೆ ನಾವು ಹೇಳುವುದು ಹೀಗೆ. ಮೊದಲು ನಿಮ್ಮದೇ ಹಳೆಯ ನೂರು ಚಿತ್ರಗಳ ‘ವಿವರ’ ತೆರೆದು ನೋಡಿ, ಯಾವ ಮಿಲಿಮೀಟರ್‌ನಲ್ಲಿ ತೆಗೆದದ್ದು ಎಂದು ಅಲ್ಲಿ ಬರೆದಿರುತ್ತದೆ. ಹೆಚ್ಚಿನವು 18ರಿಂದ 35ರೊಳಗೆ ಇದ್ದರೆ ಉದ್ದನೆಯ ಝೂಮ್ ನಿಮಗೆ ಬೇಕೇ ಇಲ್ಲ. ಬಂಧುಬಳಗದ ಗುಂಪು ಫೋಟೊಗೆ 18–200 ನಿಮ್ಮ ಕಿಟ್ ಲೆನ್ಸಿಗಿಂತ ಹೆಚ್ಚಿನದೇನೂ ಕೊಡುವುದಿಲ್ಲ. ಆ ಹಣದಲ್ಲಿ 1.8ರ 50 ಎಂಎಂ ತನ್ನಿ, ಕಿಟ್ ಲೆನ್ಸ್ ಇಟ್ಟುಕೊಳ್ಳಿ. ಬಹಳಷ್ಟು ಚಿತ್ರಗಳು 55ಕ್ಕೆ ಹೋಗಿ ನಿಂತಿದ್ದರೆ, ಅದೂ ಬಯಲಿನಲ್ಲಿ, ಆಗ ದೊಡ್ಡ ಝೂಮ್ ಯೋಚಿಸಿ. ಆಗಲೂ 18–300ರ ಆಸೆಗಿಂತ ಸೆಕೆಂಡ್ ಹ್ಯಾಂಡ್ ಕ್ಯಾನನ್ 18–135 ಅಥವಾ ನಿಕಾನ್ 18–140 ಜಾಣ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ. ಝೂಮಿನ ಹರವು ಹೆಚ್ಚಿದಷ್ಟೂ ಲೆನ್ಸ್ ಹೆಚ್ಚು ಕಡೆ ರಾಜಿ ಮಾಡಿಕೊಳ್ಳಬೇಕಾಗುತ್ತದೆ, ಚಿತ್ರದ ಅಂಚುಗಳಲ್ಲಿ ಅದು ಕಾಣುತ್ತದೆ.

ಹಳೆಯದು ಕೊಳ್ಳುವಾಗ ನಿಮ್ಮ ಕ್ಯಾಮೆರಾವನ್ನೇ ಒಯ್ದು ಹಾಕಿ ನೋಡಿ. ನಿಕಾನ್ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ, ಆದ್ದರಿಂದ ಮೋಟರ್ ಇಲ್ಲದ ಹಳೆಯ ಲೆನ್ಸ್ ಹಾಕಿದರೆ ಪ್ರತಿ ಸಲವೂ ಕೈಯಿಂದಲೇ ಫೋಕಸ್ ಮಾಡಬೇಕು. ಕ್ಯಾನನ್ನಿನ ಇಎಫ್-ಎಸ್ ಲೆನ್ಸ್ ಹೊಸ ಆರ್ ಸರಣಿಗೆ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ಲೆನ್ಸನ್ನು ಕೆಳಮುಖ ಹಿಡಿಯಿರಿ. ಝೂಮ್ ತಾನೇ ಜಾರಿ ಇಳಿದರೆ ಒಳಗೆ ಸವೆದಿದೆ ಎಂದರ್ಥ, ಬೆಲೆ ಇಳಿಸಿ ಕೇಳಬಹುದು. ಮೊಬೈಲ್ ಟಾರ್ಚನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಂದೆರಡು ಧೂಳಿನ ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ. ಜೇಡರ ಬಲೆಯ ಹಾಗೆ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು. ಕರಾವಳಿಯಂಥ ತೇವದ ಊರಿನಿಂದ ಬಂದ ಲೆನ್ಸ್‌ಗಳಲ್ಲಿ ಇದು ಹೆಚ್ಚು. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ.