ಸಾಂಟೊರಿನಿಯಲ್ಲಿ ಕೆಲವು ತಾಸು
ಏಜಿಯನ್ ಸಮುದ್ರದ ಸಾಂಟೊರಿನಿ ದ್ವೀಪಕ್ಕೆ ಹಡಗಿನಲ್ಲಿ ಬಂದಿಳಿದು, ಶ್ವೇತಗೃಹಗಳನ್ನೂ ನೀಲಿ ಗುಮ್ಮಟಗಳನ್ನೂ ನೋಡಿ, ಇಯಾ ಗ್ರಾಮದ ಕಡಿದಾದ ಬಂಡೆಯಂಚಿನಲ್ಲಿ ಸೂರ್ಯಾಸ್ತಕ್ಕಾಗಿ ಭುಜಕ್ಕೆ ಭುಜ ತಾಗಿಸಿ ನಿಂತು, ಕೆಲವೇ ತಾಸುಗಳಲ್ಲಿ ಹಿಂದಿರುಗುವ ಪ್ರವಾಸಿಗರನ್ನು ನಾನು ಹಳಿಯಲಾರೆ. ಆದರೆ ಆ ಅಲ್ಪಕಾಲವನ್ನು ಅವರು ವ್ಯಯಿಸುವ ರೀತಿ ಮಾತ್ರ ನನಗೆ ಒಪ್ಪಿತವಲ್ಲ. ತಾವು ನಿಂತಿರುವುದು ಕ್ರಿಸ್ತಪೂರ್ವ 1600ರ ಆಸುಪಾಸಿನ ಮಹಾಸ್ಫೋಟದಲ್ಲಿ ಕುಸಿದ ಜ್ವಾಲಾಮುಖಿಯ ಅಂಚಿನಲ್ಲಿ, ಕೆಳಗೆ ಹೊಳೆಯುವ ಜಲರಾಶಿ ಅದರ ಕುಹರವನ್ನು ತುಂಬಿದ ಕಡಲು ಎಂಬುದು ಅವರಲ್ಲಿ ಎಷ್ಟು ಮಂದಿಯ ಮನಸ್ಸಿಗೆ ಬರುತ್ತದೆಯೋ!

ದ್ವೀಪದ ದಕ್ಷಿಣದಲ್ಲಿರುವ ಅಕ್ರೋತಿರಿಯಲ್ಲಿ ಪುರಾತತ್ತ್ವಜ್ಞ ಸ್ಪಿರಿಡಾನ್ ಮರಿನಾಟೋಸರು 1967ರಲ್ಲಿ ಉತ್ಖನನವನ್ನಾರಂಭಿಸಿದಾಗ, ಜ್ವಾಲಾಮುಖಿಯ ಬೂದಿಯಡಿಯಿಂದ ಮಹಡಿಮನೆಗಳು, ಬೀದಿಗಳು, ಚರಂಡಿಗಳು, ಧಾನ್ಯ ತೈಲಾದಿಗಳನ್ನಿಡುವ ದೊಡ್ಡ ಮಡಕೆಗಳು, ವಾನರರೂ ಕವಲುತೋಕೆಯ ಹಕ್ಕಿಗಳೂ ವಿಹರಿಸುವ ಭಿತ್ತಿಚಿತ್ರಗಳು ಒಂದೊಂದಾಗಿ ಹೊರಬಂದುವು. ಪಾಂಪೇಯಲ್ಲಿ ಕಂಡಂತೆ ಸ್ಫೋಟಕ್ಕೆ ಸಿಲುಕಿದ ಜನರ ಅವಶೇಷಗಳು ಇಲ್ಲಿ ದೊರೆಯದಿದ್ದುದರಿಂದ, ಭೂಕಂಪದ ಮುನ್ಸೂಚನೆಯನ್ನರಿತು ಪುರಜನರು ಮೊದಲೇ ಊರು ತೊರೆದರೆಂದು ವಿದ್ವಾಂಸರು ಊಹಿಸುತ್ತಾರೆ. 2025ರ ಫೆಬ್ರುವರಿಯಲ್ಲಿ ಕಂಪನಗಳ ಸರಣಿಗಂಜಿ ಸಹಸ್ರಾರು ಮಂದಿ ಇದೇ ದ್ವೀಪವನ್ನು ಬಿಟ್ಟು ಹೊರಟರು.

ವಿಹಾರನೌಕೆಗಳ ಪ್ರಯಾಣಿಕರನ್ನು ದಿನಕ್ಕೆ 8000ಕ್ಕೆ ಮಿತಗೊಳಿಸುವ ಕ್ರಮ ಉಚಿತವೇ ಸರಿ. ಆದರೂ ಆ 8000 ಮಂದಿಯೂ ಒಂದೇ ಬಂಡೆಯಂಚಿಗೆ ಧಾವಿಸುವುದಾದರೆ ಮಿತಿಯಿಂದೇನು ಫಲ? ಬಂದರಿನಿಂದ ಅಕ್ರೋತಿರಿಗೆ ನೇರವಾಗಿ ಬಸ್ಸುಗಳನ್ನೋಡಿಸಿ, ನೌಕೆಯ ಚೀಟಿಯೊಡನೆಯೇ ಉತ್ಖನನಸ್ಥಳದ ಪ್ರವೇಶವನ್ನೂ ಸೇರಿಸಿಕೊಟ್ಟರೆ, ಇಯಾದ ಇಕ್ಕಟ್ಟಾದ ಬೀದಿಗಳಲ್ಲಿ ಅಲ್ಲಿನ ನಿವಾಸಿಗಳು ಕೊಂಚ ನಿರಾಯಾಸವಾಗಿ ನಡೆದಾಡಬಹುದು.